ಯಮುನಾಳ ಎಂಟು ರಿಪೋರ್ಟುಗಳು

ಯಮುನಾಳ ದನಿಗೆ ವಯಸ್ಸಾಗಲೇ ಇಲ್ಲ. ಕೂದಲು ನರೆಯಿತು, ಮೂಗಿನ ಮೇಲೆ ಕನ್ನಡಕ ಬಂದು ಕೂತಿತು, ಮೆಟ್ಟಿಲು ಹತ್ತುವಾಗ ಮೊಣಕಾಲು ಗೊಣಗಲು ಶುರುಮಾಡಿತು. ದನಿ ಮಾತ್ರ ಎಂಟನೇ ಕ್ಲಾಸಿನಲ್ಲೇ ನಿಂತುಬಿಟ್ಟಿತ್ತು. ನಲವತ್ತನಾಲ್ಕು ವರ್ಷದ ಈ ಹೆಂಗಸು ಫೋನೆತ್ತಿ ಹಲೋ ಅಂದರೆ ಆ ಕಡೆಯವರು, "ಪುಟ್ಟೀ, ಅಮ್ಮನಿಗೆ ಕೊಡು ಫೋನು" ಅನ್ನುತ್ತಿದ್ದರು. ಯಮುನಾ ಅದೇ ದನಿಯಲ್ಲಿ, "ಅಮ್ಮನೇ ಮಾತಾಡ್ತಿರೋದು" ಅನ್ನುತ್ತಿದ್ದಳು. ಹೊರಗೆ ಬೇಜಾರು ತೋರಿಸಿದರೂ ಒಳಗೊಳಗೆ ಅವಳಿಗೆ ಇದು ಖುಷಿಯ ವಿಷಯವೇ ಆಗಿತ್ತು.

ಪಾಲಿಬೆಟ್ಟದ ಪೇಟೆಯಲ್ಲಿ, ಬಸ್ಸು ನಿಲ್ಲುವ ಜಾಗದ ಎದುರಿಗೆ, ಹತ್ತಡಿ ಕೋಣೆಯೊಂದರಲ್ಲಿ ಅವಳ ಹೊಲಿಗೆ ಅಂಗಡಿ. ಸುತ್ತಲಿನ ಕಾಫಿ ಎಸ್ಟೇಟುಗಳ ಕೂಲಿಯವರು ಸಾಲಾಗಿ ವಾಸಿಸುವ ಲೈನ್ ಮನೆಗಳಿಂದ ಹೆಂಗಸರು ಭಾನುವಾರ ಪೇಟೆಗೆ ಬಂದಾಗ ಬ್ಲೌಸಿನ ಬಟ್ಟೆ ಹಿಡಿದುಕೊಂಡು ಇಲ್ಲಿಗೂ ಬರುತ್ತಿದ್ದರು. ಅಳತೆ ಕೊಡುವ ಹೊತ್ತು ಒಂಥರಾ ವಿಚಿತ್ರದ ಹೊತ್ತು. ಕೈಯೆತ್ತಿ, ಬೆನ್ನು ತಿರುಗಿಸಿ ನಿಂತವಳಿಗೆ ಕೇಳಿಸಿಕೊಳ್ಳುವವಳ ಮುಖ ಕಾಣುವುದಿಲ್ಲವಲ್ಲ, ಹಾಗಾಗಿ ಮಾತು ತಾನಾಗಿ ಹೊರಬರುತ್ತದೆ. ಗಂಡ ಕುಡಿಯುವುದು, ಅತ್ತೆ ಬೈಯುವುದು, ಮಗಳು ಶಾಲೆ ಬಿಟ್ಟದ್ದು, ತನಗೆ ತಿಂಗಳಿಂದ ಹೊಟ್ಟೆನೋವು ಇರುವುದು. ಯಮುನಾ ಟೇಪು ಹಿಡಿದುಕೊಂಡೇ, "ಅಯ್ಯೋ ಪಾಪ" ಅನ್ನುತ್ತಿದ್ದಳು. ಮನಸಾರೆ ಅನ್ನುತ್ತಿದ್ದಳು. ಇಪ್ಪತ್ತು ವರ್ಷ ಹೀಗೇ ಅಂದಳು.

ಒಂದು ಭಾನುವಾರ ಒಬ್ಬ ಹುಡುಗಿ ತಿರುಗಿ ನಿಂತು ಕೇಳಿಯೇಬಿಟ್ಟಳು. "ಪಾಪ ಅಂದ್ರೆ ಆಯ್ತಾ ಅಕ್ಕ? ನಾನೀಗ ಎಲ್ಲಿಗೆ ಹೋಗ್ಲಿ, ಅದು ಹೇಳಿ." ಯಮುನಾಳಿಗೆ ಗೊತ್ತಿರಲಿಲ್ಲ. ಹುಡುಗಿ ಬ್ಲೌಸಿನ ಬಟ್ಟೆಯನ್ನು ಚೀಲಕ್ಕೆ ಹಾಕಿಕೊಂಡು ಹೋದಳು, ಮತ್ತೆ ಬರಲಿಲ್ಲ. ಆವತ್ತು ಯಮುನಾ ಒಂದು ತೋಳನ್ನು ಉಲ್ಟಾ ಹೊಲಿದಳು, ಬಿಚ್ಚಿ ಮತ್ತೆ ಉಲ್ಟಾ ಹೊಲಿದಳು.

ಓದಿಯಾದರೂ ಉತ್ತರ ತಿಳಿಯೋಣ ಅಂತ ಹೊರಟವಳಿಗೆ ಅಂಚೆಯ ಮೂಲಕ ಬಿ.ಎ. ಮುಗಿಸಲು ಐದು ವರ್ಷ ಬೇಕಾಯಿತು. ಆಮೇಲೆ ಗೋಣಿಕೊಪ್ಪದ ಕಾಲೇಜೊಂದರಲ್ಲಿ ಎಂ.ಎಸ್.ಡಬ್ಲ್ಯೂ. ಉಂಟು, ಸಮಾಜಕಾರ್ಯವನ್ನೇ ಎರಡು ವರ್ಷ ಕಲಿಸುತ್ತಾರೆ ಅಂತ ತಿಳಿದ ಸಂಜೆ ಗಂಡ ಆನಂದನ ಮುಂದೆ ಕಾಫಿ ಲೋಟ ಇಟ್ಟು ವಿಷಯ ಹೇಳಿದಳು. ಆನಂದ್ ಪಿಕಪ್ ಜೀಪಿನಲ್ಲಿ ಎಸ್ಟೇಟುಗಳಿಗೆ ಆಳುಗಳನ್ನು ಬಿಡುವವನು, ಸೊಂಟನೋವಿನ ಮನುಷ್ಯ. ಕಾಫಿ ಮುಗಿಸಿ, ಲೋಟ ಕೆಳಗಿಟ್ಟು, "ಎರಡೇ ವರ್ಷ ಅಲ್ವಾ, ನಾನು ಎರಡು ಟ್ರಿಪ್ಪು ಜಾಸ್ತಿ ಹೊಡೀತೇನೆ, ನೀನು ಓದು" ಅಂದ. ಮಾರನೆಯ ದಿನವೇ ಔಷಧಿ ಅಂಗಡಿಯಿಂದ ಸೊಂಟಕ್ಕೆ ಕಟ್ಟುವ ಅಗಲದ ಬೆಲ್ಟು ತಂದುಕೊಂಡ. ಸಂಜೆ ಮನೆಗೆ ಬಂದು ಅವನು ಆ ಬೆಲ್ಟು ಬಿಚ್ಚುವ ಸದ್ದು ಕೇಳಿದಾಗಲೆಲ್ಲ ಯಮುನಾ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು: ಎರಡು ವರ್ಷ, ಮೂರನೆಯದು ಕೇಳಬಾರದು.

ಮೊದಲ ದಿನ ಕಾಲೇಜಿನ ಬಾಗಿಲಲ್ಲಿ ಅಟೆಂಡರ್ ತಡೆದು, "ಪೇರೆಂಟ್ಸ್ ಮೀಟಿಂಗ್ ಇವತ್ತಲ್ಲ ಅಮ್ಮ" ಅಂದ. ಮೈಸೂರಿನಲ್ಲಿ ನರ್ಸಿಂಗ್ ಓದುವ ಮಗಳು ಶೋಭಿತಾ ಇದನ್ನು ಮೊದಲೇ ಊಹಿಸಿ, ತಲೆಗೆ ಹಚ್ಚಿಕೊಳ್ಳಲು ಒಂದು ಪ್ಯಾಕೆಟ್ ಬಣ್ಣ ಕಳಿಸಿದ್ದಳು. ಯಮುನಾ ಅದನ್ನು ಬೀರುವಿನಲ್ಲಿಟ್ಟು ನರೆಗೂದಲಿನಲ್ಲೇ ಹೋದಳು. ಕ್ಲಾಸಿನಲ್ಲಿ ಉಳಿದವರೆಲ್ಲ ಮಗಳ ವಯಸ್ಸಿನವರು. ಮಡಿಕೇರಿಯ ಅಶ್ವಿತಾ ಅನ್ನುವ ಹುಡುಗಿ ಪಕ್ಕದಲ್ಲಿ ಜಾಗ ಕೊಟ್ಟಳು. ಯಮುನಾ ಅವಳ ಚೂಡಿದಾರದ ಬಿಚ್ಚಿದ ಅಂಚನ್ನು ಮಧ್ಯಾಹ್ನದ ಬಿಡುವಿನಲ್ಲಿ ಹೊಲಿದುಕೊಟ್ಟಳು. ಸ್ನೇಹಕ್ಕೆ ಅಷ್ಟು ಸಾಕಾಯಿತು.

ಪಾಠ ಮಾಡುವ ಮನೋರಮಾ ಮೇಡಂ ಮಾತ್ರ ಅಷ್ಟು ಸುಲಭಕ್ಕೆ ಒಲಿಯುವವರಲ್ಲ. ಮಡಿಕೇರಿಯ ಅರ್ಚಕರ ಮನೆಯ ಹೆಣ್ಣುಮಗಳು, ಮಾತು ಅಳೆದು ಆಡುವವರು, ಬಿಸಿಲಿಗೂ ಮಳೆಗೂ ಒಂದೇ ಕೊಡೆ. ಮೊದಲ ವಾರವೇ ಅವರು ಬೋರ್ಡಿನ ಮೇಲೆ ‘ಪಾಪ’ ಅಂತ ಬರೆದು ಅದರ ಸುತ್ತ ಒಂದು ಸುತ್ತು ಹಾಕಿದರು. "ಈ ಪದ ನನ್ನ ಕ್ಲಾಸಿನಲ್ಲಿ ಬೇಡ. ಪಾಪ ಅಂದ ಕೂಡಲೇ ನೀವು ಕುರ್ಚಿಯ ಮೇಲೆ ಕೂತ ಹಾಗೆ, ಅವರು ನೆಲದ ಮೇಲೆ. ಆಮೇಲೆ ಅವರ ಪರವಾಗಿ ಎಲ್ಲ ತೀರ್ಮಾನ ನೀವೇ ಮಾಡ್ತೀರಿ." ಯಮುನಾ ತಲೆ ತಗ್ಗಿಸಿದಳು. ಕಾಲೇಜು ಹುಡುಕಿಕೊಂಡು ಬಂದದ್ದೇ ಆ ಪದದ ಕಾಟ ತಾಳಲಾರದೆ. ಹಾಗಿದ್ದೂ ಮೊದಲ ವರ್ಷವಿಡೀ ಅವಳ ರಿಪೋರ್ಟುಗಳಲ್ಲಿ ಅದು ನುಸುಳುತ್ತಲೇ ಇತ್ತು, ಮೇಡಂ ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಲೇ ಇದ್ದರು.

ಎರಡನೆಯ ವರ್ಷ ಬಂತು, ಜೊತೆಗೆ ಕೇಸ್ ವರ್ಕ್ ಬಂತು. ವಾರಕ್ಕೆರಡು ದಿನ ಕ್ಲಾಸು ಬಿಟ್ಟು ಹೊರಗೆ ಹೋಗಬೇಕು. ಒಬ್ಬ ವ್ಯಕ್ತಿಯನ್ನು ಆರಿಸಿಕೊಂಡು, ಅವರ ಕಷ್ಟವೇನು ಅಂತ ಅವರ ಜೊತೆಗೇ ಕೂತು ತಿಳಿದು, ದಾರಿ ಹುಡುಕಲು ನೆರವಾಗಿ, ಒಟ್ಟು ಎಂಟು ರಿಪೋರ್ಟು ಬರೆಯಬೇಕು. ಪ್ರತಿ ರಿಪೋರ್ಟಿಗೆ ಮೊದಲು ಆ ಜಾಗದವರ ಸಹಿ, ಆಮೇಲೆ ಮೇಡಂ ಸಹಿ. ಜನವರಿ ಇಪ್ಪತ್ತರೊಳಗೆ ಎಂಟಕ್ಕೂ ಸಹಿ ಬೀಳದಿದ್ದರೆ ವೈವಾ ಅನ್ನುವ ಕೊನೆಯ ಮೌಖಿಕ ಪರೀಕ್ಷೆ ಇಲ್ಲ. ವೈವಾ ಇಲ್ಲದಿದ್ದರೆ ಮುಂದಿನ ವರ್ಷ ಮತ್ತೆ ಬರಬೇಕು. ಯಮುನಾಳ ಕಿವಿಯಲ್ಲಿ ಆನಂದನ ಬೆಲ್ಟು ಚರ್ರೆಂದಿತು.

ಅವಳಿಗೂ ಅಶ್ವಿತಾಗೂ ಸಿಕ್ಕಿದ್ದು ಪಾಲಿಬೆಟ್ಟದಿಂದ ಆರು ಕಿಲೋಮೀಟರ್ ದೂರದ ಹೊನ್ನೆಗುಂಡಿ ಎಸ್ಟೇಟ್. ಅಶ್ವಿತಾ ಅಲ್ಲಿನ ಶಿಶುವಿಹಾರ ನೋಡಿಕೊಂಡಳು. ಯಮುನಾ ಬೆಳಿಗ್ಗೆ ಹತ್ತು ಗಂಟೆಗೆ ಇಸ್ತ್ರಿ ಮಾಡಿದ ಸೀರೆಯುಟ್ಟು, ಪ್ರಶ್ನೆಗಳ ಹಾಳೆ ಹಿಡಿದು ಲೈನಿಗೆ ಹೋದಳು. ಅಲ್ಲಿ ಒಂದು ಹುಂಜವೂ ಒಂದು ನಾಯಿಯೂ ಇದ್ದವು. ನವೆಂಬರ್ ತಿಂಗಳು, ಅರೇಬಿಕ ಕಾಫಿ ಹಣ್ಣಾಗಿತ್ತು, ಮನುಷ್ಯರೆಲ್ಲ ಹಣ್ಣು ಕುಯ್ಯುವ ಪಿಕ್ಕಿಂಗಿಗೆ ಹೋಗಿದ್ದರು.

ಹುಡುಕಿಕೊಂಡು ತೋಟಕ್ಕೆ ಹೋದಳು. ಹಾಳೆ ಹಿಡಿದು ಗಿಡಗಳ ಸಾಲಿನಲ್ಲಿ ನಿಂತರೆ ಯಾರೂ ಬಾಯಿ ಬಿಡಲಿಲ್ಲ. ಕುಯ್ದಷ್ಟು ತೂಕ, ತೂಕದಷ್ಟು ಕೂಲಿ, ಯಾರಿಗಿದೆ ಪುರುಸೊತ್ತು? ಮುತ್ತಿ ಅನ್ನುವ ಗಟ್ಟಿಗಿತ್ತಿ ಹೆಂಗಸಿಗೆ ಅವಳ ಪಾಡು ನೋಡಿ ನಗು ಬಂತು. "ನಿಂತ್ಕೊಂಡು ಕೇಳಿದ್ರೆ ಮಾತು ಬರಲ್ಲ ಅಕ್ಕ. ಗಿಡ ಹಿಡ್ಕೊಳ್ಳಿ." ಅಲ್ಲಿನ ರಿವಾಜು ಹಾಗೆ. ಯಾರ ಜೊತೆ ಮಾತಾಡಬೇಕೋ ಅವರ ಗಿಡದ ಇನ್ನೊಂದು ಮಗ್ಗುಲಿಗೆ ನಿಂತು ಕುಯ್ಯಬೇಕು, ಕುಯ್ದದ್ದನ್ನು ಅವರ ಚೀಲಕ್ಕೇ ಹಾಕಬೇಕು. ಹಾಗೆ ಮಾಡಿದರೆ ಯಾವ ಮಾತೂ ಕೆಲಸಗೇಡಿನ ಮಾತಲ್ಲ. ಯಮುನಾ ಸೆರಗು ಸಿಕ್ಕಿಸಿಕೊಂಡು ಹತ್ತಿರದ ಗಿಡ ಹಿಡಿದಳು. ಅದರ ಇನ್ನೊಂದು ಮಗ್ಗುಲಿಗೆ ಮುದ್ದಿ ಇದ್ದಳು.

ಮುದ್ದಿಗೆ ಅರವತ್ತೈದೋ ಎಪ್ಪತ್ತೋ, ಅವಳಿಗೂ ಗೊತ್ತಿಲ್ಲ. ಮೈ ಒಣಗಿದರೂ ಬಾಯಿ ಒಣಗಿರಲಿಲ್ಲ. ಎಸ್ಟೇಟಿನ ಕಾಯಂ ಕೆಲಸದಿಂದ ಬಿಡುಗಡೆಯಾಗಿ ವರ್ಷಗಳಾಗಿದ್ದರೂ ಕುಯ್ಲಿನ ಕಾಲಕ್ಕೆ ಸೊಂಟಕ್ಕೆ ಚೀಲ ಕಟ್ಟಿ ಬರುತ್ತಿದ್ದಳು. ಹಾಜರಿ ಹಿಡಿದು ಕೆಲಸ ಹಂಚುವ ರೈಟರು ಬಾ ಅಂದರೆ ಬರಬಹುದು, ಬೇಡ ಅಂದರೆ ಇಲ್ಲ. ಎಲ್ಲರಿಗೂ ಅವಳು ಮುದ್ದಜ್ಜಿ.

"ಯಾರದು ಹೊಸ ಸ್ವರ?" ಅಂದಳು ಮುದ್ದಿ.

"ಕಾಲೇಜಿಂದ ಬಂದಿದ್ದೇನೆ ಅಜ್ಜಿ. ಯಮುನಾ ಅಂತ."

"ಓ, ಕಾಲೇಜು ಕೂಸಾ! ಬಾ ಬಾ. ಎಂತ ಓದ್ತೀಯ? ಮದುವೆ ಮಾಡಿ ಕಳ್ಸಲಿಲ್ವಾ ಮನೆಯವ್ರು?"

ಸುತ್ತಲಿನ ಹೆಂಗಸರು ಕಿಸಕ್ಕೆಂದರು. ದಿನಾ ಬಸ್ಸಿನಲ್ಲಿ ಆಂಟಿ ಅನ್ನಿಸಿಕೊಳ್ಳುವ ಯಮುನಾಳಿಗೆ ಕೂಸು ಅನ್ನಿಸಿಕೊಳ್ಳುವುದು ಎಷ್ಟು ಹಿತವಾಗಿರಬೇಡ? "ಆಮೇಲೆ ನೋಡುವ ಅಂತ ಇದ್ದಾರೆ" ಅಂದುಬಿಟ್ಟಳು.

ಮೊದಲೆರಡು ರಿಪೋರ್ಟು ಸಲೀಸಾಗಿ ಆದವು. ಮುದ್ದಿಯನ್ನೇ ಕೇಸಿಗೆ ಆರಿಸಿಕೊಂಡಳು. ಸಮಸ್ಯೆ ಅನ್ನುವ ಜಾಗದಲ್ಲಿ ಏನು ಬರೆಯಲಿ ಅಂತ ಕೇಳಿದರೆ ಮುದ್ದಿ, "ನಂಗೆಂತ ಸಮಸ್ಯೆ? ಮಗ ಬೋಜ ಕುಡಿಯೋದಿಲ್ಲ, ಸೊಸೆ ಅನ್ನ ಹಾಕ್ತಾಳೆ, ಗಂಡ ಸತ್ತು ಎಷ್ಟೋ ಕಾಲ ಆಯ್ತು" ಅಂದು ನಕ್ಕಳು. ಕಾಲೇಜು ಕೂಸಿಗೆ ಬರೆಯಲು ಏನೂ ಸಿಗಲಿಲ್ಲವಲ್ಲ ಅಂತ ಕನಿಕರಪಟ್ಟು ಮೊಣಕೈ ನೋವು ಅಂತ ಒಂದನ್ನು ದಾನ ಮಾಡಿದಳು.

ಮೂರನೆಯ ವಾರ ಯಮುನಾಳ ಕಣ್ಣು ಮುದ್ದಿಯ ಬೆರಳುಗಳ ಮೇಲೆ ನಿಂತಿತು. ಬಟ್ಟೆಯ ಅಂಚನ್ನು ನೋಡದೆಯೇ ಬೆರಳಲ್ಲಿ ಹಿಡಿದು ತಿಳಿಯುವ ಹೊಲಿಗೆಯವಳು ಯಮುನಾ, ಹಾಗಾಗಿ ಬೆರಳಿನ ಭಾಷೆ ಅವಳಿಗೆ ಬೇಗ ತಿಳಿಯುತ್ತದೆ. ಉಳಿದವರು ಕೆಂಪು ನೋಡಿ ಕುಯ್ಯುತ್ತಿದ್ದರು. ಮುದ್ದಿ ಒಂದೊಂದನ್ನೂ ಮೆಲ್ಲಗೆ ಒತ್ತಿ, ಮೆತ್ತಗಿದ್ದರೆ ಕೀಳುತ್ತಿದ್ದಳು, ಗಟ್ಟಿಯಿದ್ದರೆ ಬಿಡುತ್ತಿದ್ದಳು. ಮುಖ ಗಿಡದ ಕಡೆಗೆ ಇರಲೇ ಇಲ್ಲ. ಊಟದ ಹೊತ್ತಿಗೆ ಯಮುನಾ ಬಾಳೆಹಣ್ಣು ಚಾಚಿದಾಗ ಮುದ್ದಿಯ ಕೈ ಒಂದು ಗೇಣು ಆಚೆಗೆ ಹೋಗಿ ಗಾಳಿ ಹಿಡಿಯಿತು.

ಸಂಜೆ ತೂಕಕ್ಕೆ ಮುಂಚೆ ಎಲ್ಲರೂ ತಾರ್ಪಾಲಿನ ಮೇಲೆ ತಮ್ಮ ತಮ್ಮ ರಾಶಿ ಸುರಿದುಕೊಂಡು ಎಲೆ, ಕಡ್ಡಿ, ಹಸಿ ಕಾಯಿ ಹೆಕ್ಕಿ ತೆಗೆಯುತ್ತಾರೆ. ಹಸಿ ಕಾಯಿ ಹೆಚ್ಚಿದ್ದರೆ ರೈಟರ ಬೈಗುಳ. ಆ ದಿನ ಯಮುನಾ ಅಲ್ಲೇ ಕೂತು ನೋಡಿದಳು. ಮುದ್ದಿಯ ರಾಶಿ ಮುದ್ದಿಯ ಮುಂದೆ ಉಳಿಯಲೇ ಇಲ್ಲ. ಮುತ್ತಿ ಮಾತಾಡುತ್ತಲೇ ಒಂದು ಪಾಲನ್ನು ತನ್ನ ಕಡೆ ಎಳೆದುಕೊಂಡಳು, ಆಚೆಯವಳು ಇನ್ನೊಂದು ಪಾಲು, ಈಚೆಯವಳು ಮತ್ತೊಂದು. ಹಸಿ ಕಾಯಿಗಳು ಸದ್ದಿಲ್ಲದೆ ಹಿಂದಕ್ಕೆ ಹೋದವು. ಹಣ್ಣು ಮುದ್ದಿಯ ಚೀಲಕ್ಕೆ ಮರಳಿತು. ಮುದ್ದಿ ಒಂದು ಹಳೆಯ ಆನೆಯ ಕಥೆ ಹೇಳುತ್ತಾ ಖಾಲಿ ತಾರ್ಪಾಲನ್ನು ಸವರುತ್ತಿದ್ದಳು.

ಮುತ್ತಿ ತಲೆಯೆತ್ತಿ ಯಮುನಾಳನ್ನು ನೋಡಿದಳು. ಚೀಲ ಹೊರುವ ನೆಪದಲ್ಲಿ ಹತ್ತಿರ ಬಂದು ಹೇಳಿದಳು. "ನೋಡ್ಬೇಡಿ ಅಕ್ಕ. ನೋಡಿದ್ರೂ ಬರಿಬೇಡಿ. ಅಜ್ಜಿಗೂ ಗೊತ್ತಿಲ್ಲ ನಮಗೆ ಗೊತ್ತಿರೋದು. ಪಾಪ, ಕಣ್ಣು ಹೋಗಿದೆ ಅಂತ ತೋರಿಸ್ಕೊಳ್ಳಲ್ಲ ಅದು. ರೈಟರಿಗೆ ತಿಳಿದ್ರೆ ನಾಳೆಯಿಂದ ಬೇಡ ಅಂತಾರೆ. ಮನೇಲಿ ಒಬ್ಬಳೇ ಕೂತ್ರೆ ಒಂದು ತಿಂಗ್ಳು ಬದುಕಲ್ಲ." ಇದು ನಾಲ್ಕನೆಯ ಕುಯ್ಲು ಅಂತ ಲೆಕ್ಕವನ್ನೂ ಕೊಟ್ಟಳು.

ತೊಂದರೆ ಏನೆಂದರೆ, ರಿಪೋರ್ಟಿಗೆ ಎಸ್ಟೇಟಿನ ಕಡೆಯಿಂದ ಸಹಿ ಹಾಕಬೇಕಾದವರು ಅದೇ ರೈಟರು. ಅವರ ಹೆಸರು ಪರಮೇಶಪ್ಪ, ಸೋಮವಾರಪೇಟೆ ಕಡೆಯವರು. ಅವರಿಗೆ ಓದುವ ಚಟ. ಬೋಂಡ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದುವವರು. ಯಮುನಾಳ ರಿಪೋರ್ಟನ್ನು ಅವರು ಎರಡು ಸಲ ಓದಿ, "ಚೆನ್ನಾಗಿ ಬರೀತೀರಿ ಕಣಮ್ಮಾ, ಮುಂದಿನ ವಾರ ಎಂತ ಬರ್ತದೆ?" ಅಂತ ಕೇಳಿಯೇ ಸಹಿ ಹಾಕುತ್ತಿದ್ದರು.

ಮೂರನೆಯ ರಿಪೋರ್ಟಿನಲ್ಲಿ ಯಮುನಾ ಬರೆದಳು: ‘ಈ ದಿನ ಕ್ಲೈಂಟ್ ಜೊತೆ ಕಾಫಿ ಕುಯ್ದೆ. ಬಿಸಿಲು ಚೆನ್ನಾಗಿತ್ತು.’ ನಾಲ್ಕನೆಯದರಲ್ಲಿ ಮೋಡ ಕವಿದಿತ್ತು. ಐದನೆಯದರಲ್ಲಿ ಬೆಳಿಗ್ಗೆ ಮಂಜು ಬಿದ್ದು ಹತ್ತು ಗಂಟೆಗೆ ಬಿಸಿಲು ಬಂದಿತ್ತು. ಮನೋರಮಾ ಮೇಡಂ ಮೂರರಲ್ಲಿ ಒಂದಕ್ಕೂ ಸಹಿ ಹಾಕಲಿಲ್ಲ. ಕೆಂಪು ಶಾಯಿಯಲ್ಲಿ, ‘ಇದು ಹವಾಮಾನ ವರದಿಯೇ?’ ಅಂತ ಬರೆದು ವಾಪಸು ಕೊಟ್ಟರು.

"ಬೇರೆ ಯಾರನ್ನಾದ್ರೂ ತಗೊಳ್ಳಿ ಆಂಟಿ, ಇನ್ನೂ ಟೈಮಿದೆ" ಅಂದಳು ಅಶ್ವಿತಾ. "ಇಲ್ಲಾಂದ್ರೆ ಮೊಣಕೈ ನೋವನ್ನೇ ಎಳೀರಿ. ಎಂಟು ರಿಪೋರ್ಟಿಗೆ ಆಗ್ತದೆ." ಯಮುನಾಳಿಗೆ ಎರಡೂ ಬರಲಿಲ್ಲ. ಮುದ್ದಿಯ ಗಿಡ ಬಿಟ್ಟು ಇನ್ನೊಬ್ಬರ ಗಿಡ ಹಿಡಿಯಲು ಕಾಲು ಏಳಲಿಲ್ಲ. ಗುರುವಾರ ಬಂದರೆ ಸಾಕು, "ಬಂದ್ಯಾ ಕೂಸೇ?" ಅನ್ನುವ ಆ ಕರೆ ಕೇಳಲು ಅವಳು ಬಸ್ಸಿನಿಂದಿಳಿದು ಓಡುತ್ತಿದ್ದಳು. ಅವಳ ತಾಯಿ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು, ಅವಳನ್ನು ಹಾಗೆ ಕರೆಯುವವರು ಯಾರೂ ಉಳಿದಿರಲಿಲ್ಲ.

ಡಿಸೆಂಬರ್ ಮಧ್ಯದ ಒಂದು ಶುಕ್ರವಾರ ಮೇಡಂ ಹೇಳದೆ ಕೇಳದೆ ತೋಟಕ್ಕೆ ಬಂದರು. ಕಾಫಿ ಗಿಡಗಳ ನಡುವೆ ಕಪ್ಪು ಕೊಡೆಯೊಂದು ತೇಲುತ್ತಾ ಬಂದು ಯಮುನಾಳ ಮುಂದೆ ನಿಂತಿತು. ಯಮುನಾಳ ತಲೆಯಲ್ಲಿ ಎಲೆ, ಕೈಯೆಲ್ಲ ಅಂಟು.

"ನೀವು ಕೂಲಿಗೆ ಸೇರಿದ್ದೀರೋ ಯಮುನಾ?"

ಸಿಲ್ವರ್ ಓಕ್ ಮರದ ಕೆಳಗೆ ಕರೆದುಕೊಂಡು ಹೋಗಿ, ರಿಪೋರ್ಟಿನಲ್ಲಿ ಯಾಕೆ ಏನೂ ಇಲ್ಲ ಅಂತ ಕೇಳಿದರು. "ಒಂದು ವಿಷಯ ಉಂಟು ಮೇಡಂ. ಹೇಳಕ್ಕಾಗಲ್ಲ."

"ನನಗೂ?"

"ಅದು ನನ್ನ ವಿಷಯ ಅಲ್ಲ ಮೇಡಂ."

ಮೇಡಂ ಕೊಡೆ ಮಡಚಿದರು. "ಗೋಪ್ಯತೆ ಅಂತ ಪಾಠ ಮಾಡಿದವಳು ನಾನೇ, ಹಾಗಾಗಿ ಬೈಯುವ ಹಾಗಿಲ್ಲ. ಆದರೆ ಖಾಲಿ ಹಾಳೆಗೆ ಸಹಿ ಹಾಕುವ ಹಾಗೂ ಇಲ್ಲ. ಒಂದು ಕೇಳ್ತೇನೆ. ಬರೆಯಬಹುದಾ ಅಂತ ಅವರನ್ನು ಕೇಳಿದ್ದೀರಾ?"

ಯಮುನಾ ಕೈಯ ಅಂಟನ್ನು ಸೆರಗಿಗೆ ಒರೆಸಿಕೊಂಡಳು. ಕೇಳಿರಲಿಲ್ಲ. ಮುತ್ತಿ ಬೇಡ ಅಂದಿದ್ದಳು, ತಾನು ಒಪ್ಪಿದ್ದಳು, ಎಲ್ಲರೂ ಸೇರಿ ಮುದ್ದಿಯ ಒಳ್ಳೆಯದನ್ನು ತೀರ್ಮಾನಿಸಿದ್ದರು. ಮುದ್ದಿಯೊಬ್ಬಳನ್ನು ಬಿಟ್ಟು ಎಲ್ಲರೂ. ತನ್ನ ಬೆರಳು ತಪ್ಪುತ್ತಿದೆ ಅಂತ ಮುದ್ದಿಗೆ ತಿಳಿಯದೇ ಹೋದದ್ದು ಉಳಿದವರು ಹಸಿ ಕಾಯಿ ಹೆಕ್ಕಿ ಹೆಕ್ಕಿ ತೆಗೆದದ್ದರಿಂದಲೇ, ತಿಳಿಯದ್ದರಿಂದ ಡಾಕ್ಟರ ಹತ್ತಿರ ಹೋಗಿರಲಿಲ್ಲ. ನಾಲ್ಕು ವರ್ಷ ಎಲ್ಲರೂ ಕೂಡಿ ಪಾಪ ಅಂದಿದ್ದರು, ಅಷ್ಟೇ. ಯಮುನಾಳಿಗೆ ಬೋರ್ಡಿನ ಮೇಲಿನ ಸುತ್ತು ನೆನಪಾಗಿ ಮುಖ ಬಿಸಿಯಾಯಿತು.

ಮುಂದಿನ ಗುರುವಾರ ಊಟಕ್ಕೆ ಕೂತಾಗ ಮುದ್ದಿಯನ್ನು ಸ್ವಲ್ಪ ದೂರ ಕರೆದುಕೊಂಡು ಹೋದಳು.

"ಅಜ್ಜೀ, ನಿಮಗೆ ಕಣ್ಣು ಎಷ್ಟು ಸಮಯದಿಂದ ಕಾಣಲ್ಲ?"

ಮುದ್ದಿಯ ಕೈಯ ತುತ್ತು ಅಲ್ಲೇ ನಿಂತಿತು. "ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ಪಕ್ಕದಲ್ಲೇ ಕುಯ್ದೆನಲ್ಲ."

"ಹೊಗೆ ಕಂಡ ಹಾಗೆ ಕಾಣ್ತದೆ. ಅದ್ರಿಂದೆಂತ? ನನ್ನ ಬೆರಳಿಗೆ ಕಣ್ಣುಂಟು. ಒಂದು ಹಸಿ ಕಾಯಿ ತೋರಿಸ್ಲಿ ನನ್ನ ಚೀಲದಲ್ಲಿ ರೈಟರು!" ಮುದ್ದಿಯ ದನಿಯಲ್ಲಿ ಹೆಮ್ಮೆಯಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ಎಲ್ಲರಿಗೂ ಸುಖವಿತ್ತು. ಯಮುನಾ ನಿಲ್ಲಿಸಲಿಲ್ಲ. "ಹಸಿ ಕಾಯಿ ಇರ್ತದೆ ಅಜ್ಜಿ. ಹೆಕ್ಕಿ ತೆಗೀತಾರೆ."

"ಯಾರು?"

ಆಚೆ ಮರದ ಕೆಳಗಿನಿಂದ ಮುತ್ತಿಯ ನಗು ಕೇಳಿಸಿತು. ಮುದ್ದಿ ಮುಖವನ್ನು ಆ ಕಡೆಗೆ ತಿರುಗಿಸಿದಳು. ಆಮೇಲೆ ಬುತ್ತಿಯ ಮುಚ್ಚಳ ತಡಕಾಡಿ ಮುಚ್ಚಿ, "ನೀನು ಹೋಗು" ಅಂದಳು. ಕೂಸೇ ಅನ್ನಲಿಲ್ಲ.

ಶುಕ್ರವಾರ ಮುದ್ದಿ ಕುಯ್ಲಿಗೆ ಬರಲಿಲ್ಲ. ಮುತ್ತಿ ಯಮುನಾಳ ಮುಖ ನೋಡದೆ ಹೇಳಿದಳು. "ನಾಲ್ಕು ವರ್ಷ ನಾವು ಬಾಯಿ ಬಿಡ್ಲಿಲ್ಲ. ನೀವು ಎರಡು ತಿಂಗ್ಳಲ್ಲಿ ಮುಗಿಸಿದ್ರಿ." ಆ ದಿನ ಯಮುನಾಳಿಗೆ ಯಾರೂ ಗಿಡ ಕೊಡಲಿಲ್ಲ. ಮನೆಗೆ ಬಂದು, ಅಂಗಳದಲ್ಲಿ ಬೆಲ್ಟು ಬಿಚ್ಚುತ್ತಿದ್ದ ಆನಂದನ ಮುಂದೆ ನಿಂತು ಅತ್ತಳು. ಅವನಿಗೆ ಪೂರ್ತಿ ಅರ್ಥವಾಗಲಿಲ್ಲ, ಕೇಸು ಕೆಟ್ಟಿತು ಅಂತ ಮಾತ್ರ ತಿಳಿಯಿತು. "ಮೂರನೇ ವರ್ಷ ಆದ್ರೆ ಆಗ್ತದೆ ಮಾರಾಯ್ತಿ. ನನ್ನ ಸೊಂಟ ಎಲ್ಲಿಗೂ ಓಡಿ ಹೋಗಲ್ಲ" ಅಂದ. ಯಮುನಾ ಇನ್ನೂ ಜೋರಾಗಿ ಅತ್ತಳು. ಅವಳಿಗೆ ಡಿಗ್ರಿಗಿಂತ ಮುದ್ದಿಯ ಮುಚ್ಚಿದ ಬುತ್ತಿಯೇ ಹೆಚ್ಚು ಚುಚ್ಚುತ್ತಿತ್ತು.

ಭಾನುವಾರ ಹನ್ನೊಂದು ಗಂಟೆಗೆ ಅಂಗಡಿಯ ಮೆಟ್ಟಿಲ ಮೇಲೆ ಯಾರೋ ಕಾಲು ತಡವಿದ ಸದ್ದಾಯಿತು. ಮುದ್ದಿ. ಮಗ ಬೋಜ ಅವಳನ್ನು ಮೆಟ್ಟಿಲು ಹತ್ತಿಸಿ, ಹೊರಗೇ ನಿಂತ. ಅವನು ಮಾತು ಕಡಿಮೆಯವನು.

"ಕಾಲೇಜು ಕೂಸು ಉಂಟಾ? ಇದು ನಿನ್ನ ಅಮ್ಮನ ಅಂಗಡಿಯಾ?"

"ಬನ್ನಿ ಅಜ್ಜಿ. ಅಂಗಡೀಲಿ ನಾನೇ ಇದ್ದೇನೆ."

ಮುದ್ದಿ ಸ್ಟೂಲು ಸವರಿ ಕೂತಳು. "ಮೂರು ದಿನ ಸಿಟ್ಟು ಮಾಡ್ದೆ. ಮುತ್ತಿ ಬಂದು ಕಾಲು ಹಿಡ್ಕೊಂಡು ಅತ್ತಳು. ಅಷ್ಟು ಪ್ರೀತಿ ಇಟ್ಕೊಂಡವ್ಳ ಮೇಲೆ ಎಷ್ಟೂಂತ ಸಿಟ್ಟು ಮಾಡ್ಲಿ? ಮುಗೀತು. ಈಗ ನೀನು ಹೇಳು, ಇದಕ್ಕೆ ಮದ್ದುಂಟಾ?"

"ಪೊರೆ ಆಗಿರ್ಬೇಕು ಅಜ್ಜಿ, ಡಾಕ್ಟ್ರು ನೋಡಿ ಹೇಳ್ಬೇಕು. ಅದೇ ಆಗಿದ್ರೆ ಅರ್ಧ ಗಂಟೆಯ ಆಪರೇಷನ್ ಅಂತೆ. ನಮ್ಮನೇಲಿ ಶೋಭಿತಾ ಅಂತ ಇದ್ದಾಳೆ, ನರ್ಸಿಂಗ್ ಓದ್ತಾಳೆ, ಅವಳನ್ನ ಕೇಳಿದೆ."

"ನಿನ್ನ ತಂಗಿಯಾ?"

"ನಮ್ಮನೆಯವಳೇ" ಅಂದಳು ಯಮುನಾ. ಬಾಗಿಲಲ್ಲಿ ನಿಂತಿದ್ದ ಬೋಜ ಕೆಮ್ಮಿದ.

ಹೋಗುವುದೋ ಬಿಡುವುದೋ ನೀವೇ ಹೇಳಬೇಕು ಅಂದಾಗ ಮುದ್ದಿ ಹೋಗುವ ಅಂದಳು. ಬರೆಯಬಹುದಾ ಅಂದಾಗ ಸ್ವಲ್ಪ ಯೋಚಿಸಿದಳು. "ಬರಿ. ಎಲ್ಲ ಬರಿ. ಮುತ್ತಿ ಹೆಕ್ಕಿದ್ದು ಮಾತ್ರ ಬೇಡ, ರೈಟರು ಅವಳಿಗೆ ಬೈತಾನೆ. ನನ್ನ ಕಣ್ಣಿನ ವಿಷಯ ರೈಟರಿಗೆ ನಾನೇ ಹೇಳ್ತೇನೆ. ಕಾಗದದಲ್ಲಿ ಓದಿ ತಿಳಿಯೋದು ಬೇಡ."

ಹೇಳಿದ ಹಾಗೆ ಗುರುವಾರ ಬೆಳಿಗ್ಗೆ ಹಾಜರಿಗೆ ಎಲ್ಲರೂ ನಿಂತಾಗ ಮುದ್ದಿ ಮುಂದೆ ಬಂದಳು. ಪರಮೇಶಪ್ಪನವರು ನಿಂತಿದ್ದ ಜಾಗಕ್ಕಿಂತ ಒಂದು ಮಾರು ಎಡಕ್ಕೆ ಮುಖ ಮಾಡಿ, "ರೈಟರೇ, ನಂಗೆ ಕಣ್ಣು ಕಾಣಲ್ಲ. ಆಸ್ಪತ್ರೆಗೆ ಹೋಗ್ತೇನೆ. ಸರಿ ಮಾಡ್ಕೊಂಡು ಬರ್ತೇನೆ, ಆಗ ಕೆಲಸ ಕೊಡ್ಬೇಕು" ಅಂದಳು.

ಪರಮೇಶಪ್ಪ ಹಾಜರಿ ಪುಸ್ತಕ ಮುಚ್ಚಿದರು. "ನಂಗೆ ಎರಡು ವರ್ಷದಿಂದ ಗೊತ್ತು ಕಣಜ್ಜಿ."

"ಹೇಗೆ?"

"ಎರಡೂ ಕಣ್ಣು ಸರಿ ಇರೋರ ಚೀಲದಲ್ಲಿ ಒಂದಿಷ್ಟು ಎಲೆ, ಒಂದಿಷ್ಟು ಹಸಿ ಕಾಯಿ ಇದ್ದೇ ಇರ್ತದೆ. ನಿನ್ನ ಚೀಲದಲ್ಲಿ ಒಂದು ಕಡ್ಡಿ ಇರಲ್ಲ. ನಾಲ್ಕು ಜನ ಕೂತು ಹೆಕ್ಕಿದ್ರೆ ಮಾತ್ರ ಅಷ್ಟು ಕ್ಲೀನಾಗಿ ಬರ್ತದೆ." ಮುತ್ತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಪರಮೇಶಪ್ಪ ಮೆಲ್ಲಗೆ ಸೇರಿಸಿದರು. "ಹೇಳಿದ್ರೆ ನಿಂಗೆ ಬೇಜಾರಾಗ್ತದೆ ಅಂತ ಸುಮ್ಮನಿದ್ದೆ."

ಇಡೀ ಎಸ್ಟೇಟು ಸೇರಿ ಒಬ್ಬ ಮುದುಕಿಯನ್ನು ಪ್ರೀತಿಯಿಂದ ಕತ್ತಲಲ್ಲಿ ಕೂರಿಸಿತ್ತು. ಬೈಯೋಣವೆಂದರೆ ಯಾರನ್ನು ಬೈಯುವುದು? ಮುದ್ದಿ ಮೊದಲು ನಕ್ಕಳು, ಆಮೇಲೆ ಉಳಿದವರಿಗೆ ನಗಲು ಧೈರ್ಯ ಬಂತು. ಅವಳನ್ನು ಮಡಿಕೇರಿಗೆ ಕರೆದುಕೊಂಡು ಹೋಗಲು ಆನಂದ್ ಜೀಪು ತಂದ. ಮುತ್ತಿ ದಾರಿಗೆ ಅಂತ ಅಕ್ಕಿರೊಟ್ಟಿ ಕಟ್ಟಿಕೊಟ್ಟು, ಇನ್ನೊಂದು ಪೊಟ್ಟಣವನ್ನು ಯಮುನಾಳ ಕೈಗಿಟ್ಟಳು. ಕ್ಷಮೆ ಕೇಳಿದ್ದೂ ಕೊಟ್ಟದ್ದೂ ಅಷ್ಟರಲ್ಲೇ ಮುಗಿಯಿತು.

ಮೂರು, ನಾಲ್ಕು, ಐದನೆಯ ರಿಪೋರ್ಟುಗಳನ್ನು ಯಮುನಾ ಮತ್ತೆ ಬರೆದಳು. ಬಿಸಿಲು, ಮೋಡ, ಮಂಜು ಹೋಗಿ ಅಲ್ಲಿ ಮುದ್ದಿ ಬಂದಳು. ಆರನೆಯದರಲ್ಲಿ ಮುಚ್ಚಿದ ಬುತ್ತಿ, ಏಳನೆಯದರಲ್ಲಿ ಜಿಲ್ಲಾಸ್ಪತ್ರೆಯ ತಪಾಸಣೆ. ಹೆಕ್ಕಿದವರ ಹೆಸರು ಎಲ್ಲೂ ಬರಲಿಲ್ಲ. ಪರಮೇಶಪ್ಪ ಪ್ರತಿಯೊಂದನ್ನೂ ಎರಡು ಸಲ ಓದಿ, ತಮ್ಮ ಪಾತ್ರ ಸಣ್ಣದಾಯಿತು ಅಂತ ಗೊಣಗಿ ಸಹಿ ಹಾಕಿದರು. ಮೇಡಂ ಏಳನ್ನೂ ಮೇಜಿನ ಮೇಲಿಟ್ಟುಕೊಂಡು, ಎಂಟೂ ಒಟ್ಟಿಗೆ ನೋಡ್ತೇನೆ, ಮುಗಿಸಿ ತನ್ನಿ ಅಂದರು. ಆಪರೇಷನ್ನಿಗೆ ಸಿಕ್ಕಿದ ದಿನ ಜನವರಿ ಹದಿನೇಳು.

ಆಪರೇಷನ್ ಆದ ಮಾರನೆಯ ಬೆಳಿಗ್ಗೆ ವಾರ್ಡಿನಲ್ಲಿ ನರ್ಸು ಮುದ್ದಿಯ ಒಂದು ಕಣ್ಣಿನ ಪಟ್ಟಿ ಬಿಚ್ಚಿದರು. ಯಮುನಾ ಮಂಚದ ಕಾಲ ಬಳಿ ಬ್ಯಾಗು ಅಪ್ಪಿಕೊಂಡು ನಿಂತಿದ್ದಳು. ಮುದ್ದಿ ಕಣ್ಣು ಪಿಳುಕಿಸಿ ಮೊದಲು ತನ್ನ ಕೈ ನೋಡಿಕೊಂಡಳು, ಹಿಂದೆ ಮುಂದೆ ತಿರುಗಿಸಿ ನೋಡಿದಳು. ಕಿಟಕಿ ನೋಡಿದಳು. ಬೋಜನನ್ನು ನೋಡಿ, "ಎಷ್ಟು ಬಡವಾಗಿದ್ದೀಯೋ" ಅಂದಳು. ಆಮೇಲೆ ಯಮುನಾಳ ಮೇಲೆ ಕಣ್ಣು ಹಾಯಿಸಿ, ಅವಳನ್ನು ದಾಟಿ, ಬಾಗಿಲ ಕಡೆಗೆ ಹುಡುಕಿದಳು.

"ನನ್ನ ಕಾಲೇಜು ಕೂಸೆಲ್ಲಿ? ಬರ್ಲಿಲ್ವಾ?"

ಯಮುನಾಳಿಗೆ ಓಡಿಹೋಗೋಣ ಅನ್ನಿಸಿತು. "ಇಲ್ಲೇ ಇದ್ದೇನಲ್ಲ ಅಜ್ಜಿ."

ದನಿ ಬಂದ ಕಡೆಗೆ ಮುದ್ದಿ ತಿರುಗಿದಳು. ಆ ಎಂಟನೇ ಕ್ಲಾಸಿನ ದನಿ ಹೊರಟ ಬಾಯಿ ನೋಡಿದಳು, ಕನ್ನಡಕ ನೋಡಿದಳು, ಬೈತಲೆಯ ಎರಡೂ ಕಡೆ ಬೆಳ್ಳಗಾಗಿದ್ದ ಕೂದಲು ನೋಡಿದಳು. ಬಳಿಗೆ ಕರೆದು ಕೆನ್ನೆಯ ಮೇಲೆ ಬೆರಳಿಟ್ಟು, ಹಣ್ಣನ್ನು ಒತ್ತಿ ನೋಡುವ ಹಾಗೆಯೇ ಮೆಲ್ಲಗೆ ಒತ್ತಿದಳು.

"ಅಯ್ಯೋ ಪಾಪ" ಅಂದಳು ಮುದ್ದಿ. "ಇಷ್ಟು ವಯಸ್ಸಾದ ಮೇಲೂ ಓದಕ್ಕೆ ಕಳ್ಸಿದ್ದಾರಾ ನಿನ್ನ!" ಅಷ್ಟು ಹೇಳಿ, ಕೆನ್ನೆಯ ಮೇಲಿಂದ ಕೈ ತೆಗೆಯದೆ, "ಇರ್ಲಿ ಕೂಸೇ, ಪಾಸಾಗ್ತೀಯ" ಅಂದಳು.

ಯಮುನಾ ನಗಲು ಹೋಗಿ ಅತ್ತಳು. ಬೋಜ ಹೊರಗೆ ಹೋಗಿ ಜೀಪಿನಲ್ಲಿದ್ದ ಆನಂದನಿಗೆ ಹೇಳಿದ, ಇಬ್ಬರೂ ನಕ್ಕ ಸದ್ದು ವಾರ್ಡಿನೊಳಕ್ಕೆ ಕೇಳಿಸಿತು.

ಎಂಟನೆಯ ರಿಪೋರ್ಟನ್ನು ಅವಳು ಜೀಪಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬರೆದಳು, ದಾರಿಯ ತಿರುವುಗಳಲ್ಲಿ ಅಕ್ಷರ ವಾಲಿದವು. ಕಟ್ಟಕಡೆಯ ಸಾಲು ಹೀಗಿತ್ತು: ‘ಕ್ಲೈಂಟ್ ಈ ದಿನ ನನ್ನನ್ನು ಮೊದಲ ಸಲ ನೋಡಿದರು. ನೋಡಿ, ಪಾಪ ಅಂದರು.’ ಬರೆದ ಮೇಲೆ ಹೊಡೆದುಹಾಕಲೇ ಅಂತ ಯೋಚಿಸಿದಳು. ನಡೆದದ್ದು ಅದೇ ಆದ್ದರಿಂದ ಹಾಗೇ ಬಿಟ್ಟಳು.

ಪರಮೇಶಪ್ಪ ಅದಕ್ಕೂ ಸಹಿ ಹಾಕಿಕೊಟ್ಟರು. ಇಪ್ಪತ್ತನೆಯ ತಾರೀಕು ಮಧ್ಯಾಹ್ನ ಮನೋರಮಾ ಮೇಡಂ ಎಂಟೂ ರಿಪೋರ್ಟುಗಳನ್ನು ವಾಪಸು ಕೊಟ್ಟರು. ಯಮುನಾ ಕಾರಿಡಾರಿಗೆ ಬಂದು, ಅಶ್ವಿತಾಳ ಕೈ ಗಟ್ಟಿಯಾಗಿ ಹಿಡಿದುಕೊಂಡು, ಕೊನೆಯ ಹಾಳೆ ತೆರೆದಳು. ‘ಪಾಪ’ದ ಸುತ್ತ ಎಂದಿನ ಹಾಗೆ ಕೆಂಪು ಶಾಯಿಯ ಸುತ್ತು ಬಿದ್ದಿತ್ತು. ಅದರ ಪಕ್ಕದಲ್ಲಿ ಮೇಡಂ ಸಣ್ಣ ಅಕ್ಷರದಲ್ಲಿ, ‘ಇದೊಂದು ಇರಲಿ’ ಅಂತ ಬರೆದಿದ್ದರು. ಕೆಳಗೆ ಅವರ ಸಹಿ ಇತ್ತು.